ಹಳೇ ಪಿಕಪ್ಪಿನ ಸುಟ್ಟ ಸ್ವಿಚ್ಚು

ಕಲ್ಮಲಾ ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಇರುವಾಗ ಗಾಡಿಯ ಮುಂದಿನ ಎರಡೂ ಲೈಟು ಒಟ್ಟಿಗೇ ಆರಿದವು. ಬೆಳಗಿನ ಜಾವ ನಾಲ್ಕೂವರೆ. ಹಿಂದೆ ಹತ್ತಿ ತುಂಬಿದ ಅಂಡಿಗೆಗಳು, ಮೇಲೆ ತಾಡಪತ್ರಿ. ಪಕ್ಕದಲ್ಲಿ ತಮ್ಮ ತೂಕಡಿಸುತ್ತಿದ್ದ. ರಾಯಚೂರು ಗಂಜ್‌ಗೆ (ಹತ್ತಿ ಮಾರುವ ಮಾರುಕಟ್ಟೆಗೆ) ಬೇಗ ಹೋಗಿ ಪಾಳಿ ಹಿಡಿಯಬೇಕು ಅಂತ ಸಿರವಾರದ ಕಡೆಯಿಂದ ಕತ್ತಲಲ್ಲೇ ಹೊರಟಿದ್ದೆವು.

ಲೈಟು ಆರಿದ್ದಕ್ಕಿಂತ ಜಾಸ್ತಿ ಹೆದರಿಸಿದ್ದು ವಾಸನೆ. ಸ್ಟಿಯರಿಂಗ್ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿತ್ತು. ಹತ್ತಿ ಬೆಳೆದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಒತ್ತಿ ತುಂಬಿದ ಹತ್ತಿಗೆ ಕಿಡಿ ತಾಗಿದರೆ ಎಷ್ಟೋ ಸಲ ಮೇಲೆ ಉರಿ ಕಾಣುವುದಿಲ್ಲ, ಒಳಗೊಳಗೇ ಬೇಯುತ್ತದೆ. ಮೇಲೆ ನೀರು ಹಾಕಿ ಆರಿತು ಅಂದುಕೊಂಡರೂ ತಾಸು ಬಿಟ್ಟು ಮತ್ತೆ ಹೊಗೆ ಬರುತ್ತದೆ. ಗಾಡಿ ಪಕ್ಕಕ್ಕೆ ತಂದು ಎಂಜಿನ್ ಆಫ್ ಮಾಡಿ, ಸೀಟಿನ ಹಿಂದಿದ್ದ ಪಾನಾ ತೆಗೆದುಕೊಂಡು ಬ್ಯಾಟರಿಯ ಮೈನಸ್ ಬಿಚ್ಚಿದೆ. ತಮ್ಮ ಮೊಬೈಲ್ ಟಾರ್ಚ್ ಹಿಡಿದು ಹಿಂದೆ ಮುಂದೆ ಎಲ್ಲ ನೋಡಿದ. ಎಲ್ಲೂ ಹೊಗೆ ಇರಲಿಲ್ಲ. ಸ್ಟಿಯರಿಂಗ್ ಪಕ್ಕದಲ್ಲಿ ಲೈಟು ಹಾಕುವ ಕಡ್ಡಿ ಇರುತ್ತದಲ್ಲ, ಅದರ ಬುಡಕ್ಕೆ ಬೆರಳಿಟ್ಟರೆ ಚುರ್ ಅಂತು.

ಸ್ವಲ್ಪ ತಣ್ಣಗಾದ ಮೇಲೆ ಮೈನಸ್ ಕೂಡಿಸಿ ನೋಡಿದೆ. ಡಿಮ್ ಇಲ್ಲ, ಡಿಪ್ ಇಲ್ಲ, ಅಂದರೆ ಹತ್ತಿರದ ಬೆಳಕೂ ಇಲ್ಲ, ದೂರದ ಬೆಳಕೂ ಇಲ್ಲ. ಆದರೆ ಎದುರಿನ ಗಾಡಿಗೆ ಸನ್ನೆ ಮಾಡಲು ಕಡ್ಡಿಯನ್ನು ಮೇಲಕ್ಕೆ ಎಳೆಯುತ್ತೇವಲ್ಲ, ಆಗ ಮಾತ್ರ ಲೈಟು ಬಂತು. ಅಂದರೆ ಬಲ್ಬು ಸರಿಯಿವೆ, ಫ್ಯೂಸ್ ಸರಿಯಿದೆ, ಹೋಗಿದ್ದು ಸ್ವಿಚ್ಚು ಅನ್ನುವುದು ಅಲ್ಲೇ ಗೊತ್ತಾಯಿತು. ಕಡ್ಡಿ ಎಳೆದು ಹಿಡಿದು ಹೋಗಬಹುದಿತ್ತು. ಧೈರ್ಯ ಆಗಲಿಲ್ಲ. ಬೆಳಕು ಹರಿಯುವವರೆಗೆ ಅಲ್ಲೇ ಕುಳಿತೆವು. ಅಂದು ಪಾಳಿಯಲ್ಲಿ ನಮ್ಮ ಹಿಂದೆ ಇದ್ದವರೇ ಕಡಿಮೆ.

ನಮ್ಮದು 2003ರ ಗಾಡಿ. ಅಪ್ಪ ಎತ್ತು ಮಾರಿ, ಮೇಲಿನದಕ್ಕೆ ಸಾಲ ಮಾಡಿ ತಂದದ್ದು. ನನ್ನ ಲೈಸೆನ್ಸಿಗೂ ಈ ಗಾಡಿಗೂ ಒಂದೇ ವಯಸ್ಸು. ಎಂಜಿನ್ ಒಮ್ಮೆ ಬಿಚ್ಚಿ ಕಟ್ಟಿಸಿದ್ದೇವೆ. ಗೇರ್ ಬಾಕ್ಸಿಗೆ ಕೈ ಹಾಕಿಲ್ಲ. ಮಾರಿಬಿಡು ಅಂತ ಎಷ್ಟೋ ಜನ ಹೇಳಿದ್ದಾರೆ. ಮಾರಿದರೆ ಗುಜರಿ ತೂಕದ ದುಡ್ಡು ಬರುತ್ತದೆ. ನಮಗೆ ಅದು ವರ್ಷಪೂರ್ತಿ ದುಡಿಯುವ ಗಾಡಿ. ನನಗೆ ಅದನ್ನು ಬಿಡಲು ಮನಸ್ಸಿಲ್ಲ.

ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ವಿಷಯ ಗೊತ್ತಿರುತ್ತದೆ. ಕಬ್ಬಿಣದ ಸಾಮಾನು ಹೇಗಾದರೂ ಸಿಗುತ್ತದೆ. ಬೇರಿಂಗಿಗೆ ನಂಬರ್ ಇರುತ್ತದೆ, ಅದೇ ನಂಬರಿನದು ಯಾವ ಊರಲ್ಲಾದರೂ ಸಿಗುತ್ತದೆ. ಬುಷ್ಷು, ಪಿನ್ನು ಇದ್ದರೆ ಲೇತ್ ಅಂಗಡಿಯಲ್ಲಿ ತಿರುಗಿಸಿ ಮಾಡಿಕೊಡುತ್ತಾರೆ. ಪಟ್ಟಿ ಮುರಿದರೆ ಕಮ್ಮಾರರ ಹತ್ತಿರ ಹೋದರಾಯಿತು. ಆದರೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಸ್ವಿಚ್ಚನ್ನು ಯಾವ ಲೇತಿನಲ್ಲಿ ಮಾಡಿಸುತ್ತೀರಿ? ಆ ಅಚ್ಚು ನಿಂತ ದಿನ ಆ ಸಾಮಾನೂ ನಿಂತಂತೆ. ಮೀಟರ್ ಬೋರ್ಡು, ಕಾಂಬಿನೇಷನ್ ಸ್ವಿಚ್ಚು (ಲೈಟಿನ ಕಡ್ಡಿ, ವೈಪರಿನ ಕಡ್ಡಿ ಇರುವ, ನಮ್ಮಲ್ಲಿ ಸುಟ್ಟ ಸ್ವಿಚ್ಚು), ವೈರಿಂಗ್ ಸಾಕೆಟ್ಟು, ಎಲ್ಲದರ ಪಾಡೂ ಅದೇ.

ಇನ್ನೊಂದು ತಲೆಬಿಸಿ ಇತ್ತು. ನಮ್ಮದು ಹಳದಿ ಬೋರ್ಡು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟು) ಮಾಡಿಸಿದರೆ ನಡೆಯುತ್ತದೆ, ಎಂಟು ದಾಟಿದ ಮೇಲೆ ವರ್ಷ ವರ್ಷ ಮಾಡಿಸಬೇಕು. ನಮ್ಮ ಎಫ್‌ಸಿ ಮುಗಿಯಲು ಹನ್ನೊಂದು ದಿನ ಇತ್ತು. ಲೈಟು, ಇಂಡಿಕೇಟರ್, ವೈಪರ್, ಹಾರ್ನ್ ಎಲ್ಲ ನೋಡುತ್ತಾರೆ. ನಮ್ಮ ವೈಪರ್ ಮಳೆಗಾಲದಲ್ಲೇ ಕೈಕೊಟ್ಟಿತ್ತು, ಹತ್ತಿ ಬಿಡಿಸುವ ಗಡಿಬಿಡಿಯಲ್ಲಿ ಹಾಗೇ ಬಿಟ್ಟಿದ್ದೆ. ಒಂದೇ ಏಟಿಗೆ ಎರಡೂ ಮುಗಿಸೋಣ ಅಂತ ಹೊರಟೆ.

ಮೊದಲು ರಾಯಚೂರಿನಲ್ಲೇ ಹುಡುಕಿದೆ. ಗಂಜ್ ರಸ್ತೆ ಕಡೆಯ ಸ್ಪೇರ್ ಅಂಗಡಿಗಳು, ತೀನ್ ಕಂದೀಲ್ ಹತ್ತಿರದ ಎರಡು ಹಳೇ ಅಂಗಡಿಗಳು. ಈಗಿನ ಪಿಕಪ್ಪಿನದು, ಚಿಕ್ಕ ನಾಲ್ಕು ಚಕ್ರದ ಗಾಡಿಗಳದು ಬೇಕಾದಷ್ಟು ಇವೆ, ಗೋಡೆಗೆ ನೇತು ಹಾಕಿದ್ದಾರೆ. ನಮ್ಮದು ಅಂದ ಕೂಡಲೇ ಒಬ್ಬೊಬ್ಬರೂ ಅದೇ ಉತ್ತರ: "ಅದು ಬರೋದು ನಿಂತದ್ರಿ." ಒಬ್ಬರು ಮಾತ್ರ ಒಳಗೆ ಹೋಗಿ, ಧೂಳು ಹಿಡಿದ ಡಬ್ಬಿ ತಂದು ತೆಗೆದರು. ನಮ್ಮ ಗಾಡಿಯದ್ದೇ, ಆದರೆ ವೈಪರ್ ಕಡೆಯ ಕಡ್ಡಿ ಮಾತ್ರ. ಲೈಟಿನ ಕಡೆಯದು ಎಂದೋ ಬೇರೆ ಯಾರಿಗೋ ಬಿಡಿಯಾಗಿ ಕೊಟ್ಟಿದ್ದರಂತೆ.

ಅವರೇ ಹೇಳಿದ್ದು, ಹೈದರಾಬಾದಿಗೆ ಹೋಗು ಅಂತ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಗಾಡಿ ಸಾಮಾನಿನ ಅಂಗಡಿಗಳೇ ತುಂಬಿವೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಮಷೀನು ಸಾಮಾನಿಗೆ ಅಂತ ನಮ್ಮ ಹಿರಿಯರು ಹೋಗುತ್ತಿದ್ದದ್ದು ಅಲ್ಲಿಗೇ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಕ್ಕಿಂತ ಇದು ಅರ್ಧ ದಾರಿ. ಅಪ್ಪ ಹೊರಡುವಾಗ ಒಂದು ಮಾತು ಹೇಳಿದರು: "ಹಳೇದು ಬಿಚ್ಚಿಕೊಂಡು ಹೋಗಪ್ಪಾ, ಕೈಯಾಗ ಇರಲಿ." ನಾನು ಕೇಳಲಿಲ್ಲ. ಸ್ವಿಚ್ಚು ಬಿಚ್ಚಬೇಕು ಅಂದರೆ ಸ್ಟಿಯರಿಂಗ್ ತೆಗೆಯಬೇಕು, ಗಾಡಿ ಅಲ್ಲಾಡುವುದಿಲ್ಲ. ಹಗಲಲ್ಲಿ ಹತ್ತಿ ಸಾಗಿಸುವುದು ಇನ್ನೂ ಬಾಕಿ ಇತ್ತು. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ಹೊಡೆದುಕೊಂಡು ಬಸ್ಸು ಹತ್ತಿದೆ.

ರಾಣಿಗಂಜ್‌ನಲ್ಲಿ ಮೂರನೇ ಅಂಗಡಿಯಲ್ಲೇ ಸಿಕ್ಕಿತು. ನೋಡಲು ಅದೇ. ಕಡ್ಡಿಯ ಮೇಲಿನ ಗುರುತು ಅದೇ, ಹಿಡಿಯುವ ಕ್ಲಾಂಪು ಅದೇ. 2,600 ರೂಪಾಯಿ ಹೇಳಿದರು, 2,300ಕ್ಕೆ ಕೊಟ್ಟರು. ಅಷ್ಟು ಖುಷಿಯಾಯಿತು ಅಂದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಎರಡು ಸಲ ಡಬ್ಬಿ ತೆಗೆದು ನೋಡಿದೆ.

ಮಾರನೇ ದಿನ ಅದನ್ನು ಹಿಡಿದುಕೊಂಡು ಚಾಚಾ ಹತ್ತಿರ ಹೋದೆ. ಚಾಚಾ ರಾಯಚೂರಿನಲ್ಲಿ ನಲವತ್ತು ವರ್ಷದಿಂದ ಗಾಡಿ ಕರೆಂಟಿನ ಕೆಲಸ ಮಾಡುವವರು. ಚಿಕ್ಕ ಅಂಗಡಿ, ಮುಂದೆ ಬೇವಿನ ಮರ. ಗಾಡಿಯನ್ನು ಮರದ ಕೆಳಗೇ ನಿಲ್ಲಿಸಬೇಕು. ಅವರು ಹೊಸ ಸ್ವಿಚ್ಚನ್ನು ಗಾಡಿಗೆ ಹಾಕಲೇ ಇಲ್ಲ. ಮೊದಲು ಅದರ ಹಿಂದೆ ಪ್ಲಾಸ್ಟಿಕ್ಕಿನಲ್ಲೇ ಒತ್ತಿದ್ದ ನಂಬರ್ ಓದಿದರು. ಆಮೇಲೆ ಕರೆಂಟು ಅಳೆಯುವ ಮೀಟರನ್ನು ಬೀಪ್‌ಗೆ ಇಟ್ಟು (ಎರಡು ಪಿನ್ನಿನ ನಡುವೆ ದಾರಿ ಇದ್ದರೆ ಅದು ಕೂಗುತ್ತದೆ) ಒಂದೊಂದೇ ಪಿನ್ ಹಿಡಿದು ನೋಡಿದರು. ಐದು ನಿಮಿಷ ಮಾತಿಲ್ಲ.

"ಬೇಟಾ, ಇದು ನಿನ್ನ ಗಾಡೀದಲ್ಲ."

ಪಿನ್ನುಗಳ ಎಣಿಕೆ ಒಂದೇ, ಸಾಕೆಟ್ಟಿಗೂ ಕೂರುತ್ತದೆ. ಒಳಗಿನ ಜೋಡಣೆ ಬೇರೆ. ನಮ್ಮ ಗಾಡಿಯಲ್ಲಿ ಸ್ವಿಚ್ಚಿಗೆ ಪ್ಲಸ್ ಬರುತ್ತದೆ, ಅಲ್ಲಿಂದ ಬಲ್ಬಿಗೆ ಹೋಗುತ್ತದೆ. ತಂದದ್ದು ಅದೇ ಗಾಡಿಯ ನಂತರದ ಮಾದರಿಯದು. ಅದರಲ್ಲಿ ಸ್ವಿಚ್ಚು ಅರ್ಥ್ ಕೊಡುತ್ತದೆ, ಅಂದರೆ ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ದಾರಿ ಕೊಡುತ್ತದೆ. ಲೈಟು ಹತ್ತಿಸುವ ಕೆಲಸ ರಿಲೇ ಮಾಡುತ್ತದೆ, ಅದು ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಹಾಗೇ ತಂದು ಚುಚ್ಚಿದ್ದರೆ ಪ್ಲಸ್ಸು ನೇರ ಅರ್ಥ್‌ಗೆ ಹೋಗಿ ಫ್ಯೂಸ್ ಹೋಗುತ್ತಿತ್ತು. ಫ್ಯೂಸ್ ಜಾಗದಲ್ಲಿ ಯಾರಾದರೂ ತಂತಿ ಸುತ್ತಿದ್ದರೆ ವೈರಿಂಗೇ ಹೋಗುತ್ತಿತ್ತು. ಅಂಗಡಿಯವರಿಗೆ ಫೋನ್ ಮಾಡಿದೆ. ಕರೆಂಟಿನ ಸಾಮಾನು ವಾಪಸ್ ಇಲ್ಲ ಅಂದರು. 2,300 ರೂಪಾಯಿ ಹೋಯಿತಲ್ಲ ಅಂತ ಬಹಳ ಬೇಜಾರಾಯಿತು. ಅಪ್ಪನ ಮಾತು ಕೇಳಬೇಕಿತ್ತು. ಹಳೆಯದು ಕೈಯಲ್ಲಿದ್ದಿದ್ದರೆ ಹಿಂದಿನ ನಂಬರ್ ಅಲ್ಲೇ ತಾಳೆ ನೋಡಬಹುದಿತ್ತು. ಗಾಡಿಯಲ್ಲಿದ್ದಾಗ ಆ ನಂಬರ್ ಕಾಣುವುದೇ ಇಲ್ಲ, ಫೋಟೊದಲ್ಲಿ ಎಲ್ಲಿಂದ ಬರಬೇಕು?

ಸರಿ, ಬಿಚ್ಚೋಣ ಅಂದರು ಚಾಚಾ. ಬ್ಯಾಟರಿ ಮೈನಸ್ ತೆಗೆದರು. ಯಾವಾಗಲೂ ಮೈನಸ್ಸೇ ಮೊದಲು. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಅಲ್ಲೇ ಕಿಡಿ. ಹಾರ್ನಿನ ಗುಂಡಿ ತೆಗೆದು, ಸ್ಟಿಯರಿಂಗಿನ ನಡುವಿನ ನಟ್ಟು ಸಡಿಲ ಮಾಡಿದರು. ನಟ್ಟು ಪೂರ್ತಿ ತೆಗೆಯಲಿಲ್ಲ, ಎರಡು ಸುತ್ತು ಹಾಗೇ ಬಿಟ್ಟರು. ಬಿಗಿಯಾಗಿ ಕೂತ ಸ್ಟಿಯರಿಂಗ್ ಒಮ್ಮೆಲೇ ಕಿತ್ತು ಬಂದರೆ ಮುಖಕ್ಕೇ ಬಡಿಯುತ್ತದೆ, ಆ ಎರಡು ಸುತ್ತು ಅದನ್ನು ತಡೆಯುತ್ತದೆ. ತೆಗೆಯುವ ಮೊದಲು ಶಾಫ್ಟಿನ ಮೇಲೂ ಸ್ಟಿಯರಿಂಗಿನ ಮೇಲೂ ಒಂದು ಗೀರು ಹಾಕಿದರು, ಮತ್ತೆ ಕೂಡಿಸುವಾಗ ನೇರ ಕೂರಲಿ ಅಂತ.

ಹೊರಗೆ ಬಂದ ಸ್ವಿಚ್ಚನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ. ಮೇಲಿನಿಂದ ಏನೂ ಆಗಿರಲಿಲ್ಲ. ಚಾಚಾ ಹಿಂದಿನ ನಾಲ್ಕು ಕೊಂಡಿ ಬಿಡಿಸಿ ತಟ್ಟೆ ತೆಗೆದರು. ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ಪಟ್ಟಿಗಳು, ಅವುಗಳ ತುದಿಗೆ ಸಾಸಿವೆ ಕಾಳಿನಷ್ಟು ಬಟ್ಟು. ಉಳಿದವೆಲ್ಲ ಹಳದಿ. ಲೈಟಿನ ಎರಡು ಮಾತ್ರ ಕಪ್ಪಗೆ, ಇಲಿ ಕಡಿದ ಜೋಳದ ಕಾಳಿನ ಹಾಗೆ ಗುಳಿ ಬಿದ್ದಿದ್ದವು. ಅವುಗಳ ಕೆಳಗಿನ ಪ್ಲಾಸ್ಟಿಕ್ ಕರಗಿ ಮೇಣದ ಹಾಗೆ ಕೆಳಗಿಳಿದಿತ್ತು. ಅದಕ್ಕೇ ಪಟ್ಟಿ ಬಾಗಿ, ಬಟ್ಟಿಗೆ ಬಟ್ಟು ತಾಗುತ್ತಿರಲಿಲ್ಲ. ಸಾಕೆಟ್ಟಿನಲ್ಲೂ ಅದೇ ಎರಡು ಪಿನ್ನಿನ ಸುತ್ತ ಕಂದು ಬಣ್ಣ.

"ಬಲ್ಬು ಎಷ್ಟರದು ಹಾಕೀರಿ?" ಅಂತ ಕೇಳಿದರು. 100/90 ಅಂದೆ, ಅಂದರೆ ದೂರದ ಬೆಳಕಿಗೆ 100 ವ್ಯಾಟ್, ಹತ್ತಿರದ್ದಕ್ಕೆ 90. ಅಪ್ಪ ವರ್ಷಗಳ ಹಿಂದೆ ಹಾಕಿಸಿದ್ದು. ಗಾಡಿಯ ಬೆಳಕು ಮಂದ ಆಗಿದೆ, ರಾತ್ರಿ ಎಮ್ಮೆ ಅಡ್ಡ ಬಂದರೆ ಕಾಣುವುದಿಲ್ಲ ಅಂತ ದೊಡ್ಡ ಬಲ್ಬು ಹಾಕಿಸಿದ್ದರು. ಕಂಪನಿಯಿಂದ ಬಂದದ್ದು 60/55.

ಚಾಚಾ ಸ್ವಿಚ್ಚನ್ನು ವೈರಿಗೆ ಹಾಗೇ ತೂಗಿಸಿ ಕೂಡಿಸಿ, ಸುಟ್ಟ ಪಟ್ಟಿಯನ್ನು ಮರದ ಕಡ್ಡಿಯಿಂದ ಒತ್ತಿ ಹಿಡಿಯಲು ಹೇಳಿದರು. ಲೈಟು ಹತ್ತಿತು. ಎಂಜಿನ್ ಓಡುತ್ತಿತ್ತು. ಬ್ಯಾಟರಿಯ ಮೇಲೆ ಮೀಟರ್ 13.9 ವೋಲ್ಟ್ ತೋರಿಸಿತು. ಬಲ್ಬಿನ ಹಿಂದೆ ಹಿಡಿದರೆ 10.9. ದಾರಿಯಲ್ಲೇ 3 ವೋಲ್ಟ್ ಮಾಯ. ಎಲ್ಲೆಲ್ಲಿ ಹೋಯಿತು ಅಂತಲೂ ತೋರಿಸಿದರು. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಪ್ಲಸ್ಸಿಗೆ ಇಟ್ಟರೆ ನಡುವೆ ಸೋರಿದ್ದು ನೇರವಾಗಿ ಮೀಟರಿನಲ್ಲಿ ಬರುತ್ತದೆ: 2.4. ಹಾಗೇ ಬಲ್ಬಿನ ಅರ್ಥ್‌ನಿಂದ ಬ್ಯಾಟರಿ ಮೈನಸ್ಸಿಗೆ: 0.6. ರೇಡಿಯೇಟರ್ ಪಕ್ಕದ ತುಕ್ಕು ಹಿಡಿದ ಒಂದು ಬೋಲ್ಟಿಗೆ ಎರಡೂ ಲೈಟಿನ ಅರ್ಥ್ ಕಟ್ಟಿದ್ದರು.

ಮನೆಗೆ ಬಂದ ಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಐಟಿಐ ಓದಿದ್ದು ಉಪಯೋಗಕ್ಕೆ ಬಂತು. 60 ವ್ಯಾಟಿನ ಎರಡು ಬಲ್ಬು ಅಂದರೆ 120 ವ್ಯಾಟ್. 12 ವೋಲ್ಟಿಗೆ ಭಾಗಿಸಿದರೆ 10 ಆಂಪ್. ಆ ಸಾಸಿವೆಯಷ್ಟು ಬಟ್ಟು ಹೊರಬೇಕಾದದ್ದು ಇಷ್ಟು. 100ರ ಬಲ್ಬು ಎರಡು ಹಾಕಿದರೆ 200 ವ್ಯಾಟ್, ಹತ್ತಿರ ಹತ್ತಿರ 17 ಆಂಪ್. ವೋಲ್ಟೇಜ್ ಬಿದ್ದದ್ದರಿಂದ ನಮ್ಮಲ್ಲಿ 15 ಆಂಪ್ ಹರಿಯುತ್ತಿತ್ತು ಅಂತಿಟ್ಟುಕೊಳ್ಳಿ. 3 ವೋಲ್ಟ್ ಗುಣಿಸು 15, ಅಂದರೆ 45 ವ್ಯಾಟ್. ಅದೆಲ್ಲ ಬೆಳಕಾಗದೆ ವೈರಿನಲ್ಲಿ, ಸಾಕೆಟ್ಟಿನಲ್ಲಿ, ಸ್ವಿಚ್ಚಿನಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಚಾಚಾ ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿಯೇ 25 ವ್ಯಾಟಿನದು. ಸ್ಟಿಯರಿಂಗ್ ಕೆಳಗೆ ಅಂಥದ್ದೊಂದನ್ನು ಹಚ್ಚಿಟ್ಟುಕೊಂಡು, ಹಿಂದೆ ಹತ್ತಿ ತುಂಬಿಕೊಂಡು ನಾವು ಓಡಾಡಿದ್ದೇವೆ. ಅವತ್ತು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಕು ಮಂದವಾದದ್ದಕ್ಕೂ ಕಾರಣ ಇದೇ. ಇಂಥ ಬಲ್ಬಿನಲ್ಲಿ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. 13.9ರ ಜಾಗದಲ್ಲಿ 10.9 ಬಂದರೆ ಸಿಗುವುದು ಅರ್ಧಕ್ಕಿಂತ ಕಡಿಮೆ. ಹಳೇ ವೈರು, ತುಕ್ಕು ಹಿಡಿದ ಅರ್ಥ್ ನಮ್ಮ ಬೆಳಕು ತಿನ್ನುತ್ತಿದ್ದವು. ನಾವು ಅದನ್ನು ನೋಡದೆ ಬಲ್ಬು ದೊಡ್ಡದು ಮಾಡಿದೆವು. ಬಲ್ಬು ದೊಡ್ಡದಾದಂತೆ ಸೋರುವುದೂ ಜಾಸ್ತಿಯಾಯಿತು.

"ಹೊಸಾದೇ ಸಿಕ್ಕಿದ್ರೂ ಎರಡು ವರ್ಷದಾಗ ಹಿಂಗೇ ಸುಡ್ತಿತ್ತು," ಅಂದರು ಚಾಚಾ. "ಮೊದಲು ಇದರ ಮ್ಯಾಲಿನ ಭಾರ ಇಳಸೋಣ. ಆಮ್ಯಾಲೆ ಇದನ್ನ ರಿಪೇರಿ ಮಾಡಿದ್ರೂ ನಡೀತದ."

ಆದರೆ ಕರಗಿದ ತಟ್ಟೆಯನ್ನು ರಿಪೇರಿ ಮಾಡಲು ಆಗುವುದಿಲ್ಲ. ಅಂಥದ್ದೇ ಇನ್ನೊಂದು ತಟ್ಟೆ ಬೇಕು. ಈ ಸಲ ನಾನು ಸುಟ್ಟ ಸ್ವಿಚ್ಚನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಗುಜರಿಗೆ ಹೋದೆ. ಊರ ಹೊರಗೆ ಒಂದು ಗುಜರಿ ಅಂಗಡಿಯಲ್ಲಿ ನಮ್ಮದೇ ಮಾದರಿಯ ಗಾಡಿ ಎರಡು ಬಿದ್ದಿದ್ದವು. ಒಂದರಲ್ಲಿ ಕ್ಯಾಬಿನ್ನೇ ಇರಲಿಲ್ಲ. ಇನ್ನೊಂದರ ಸ್ಟಿಯರಿಂಗ್ ಮೇಲೆ ಮುಳ್ಳುಗಂಟಿ ಬೆಳೆದಿತ್ತು. ಗುಜರಿಯವರು ನೀನೇ ಬಿಚ್ಚಿಕೋ ಅಂದರು. ಲೈಟಿನ ಕಡ್ಡಿ ಅರ್ಧಕ್ಕೇ ಮುರಿದಿತ್ತು, ಅದಕ್ಕೇ ಯಾರೂ ಮುಟ್ಟಿರಲಿಲ್ಲ. ಹೊರಗೆ ತೆಗೆದು ನಂಬರ್ ನೋಡಿದೆ, ಅದೇ ನಂಬರ್. ಅಲ್ಲೇ ಕುಳಿತು ಕೊಂಡಿ ಬಿಡಿಸಿದೆ. ಒಳಗಿನ ತಟ್ಟೆ ಹಳದಿ ಹೊಳೆಯುತ್ತಿತ್ತು. ಆ ಗಾಡಿ ಬಹಳ ದಿನ ರಾತ್ರಿ ಓಡಿರಲಿಕ್ಕಿಲ್ಲ. 350 ರೂಪಾಯಿ ಕೊಟ್ಟೆ. ಸ್ವಿಚ್ಚಿಗೆ ಅವರು ಹೇಳಿದ್ದು 200, ನಾನು ಅದರ ಸಾಕೆಟ್ಟನ್ನೂ ಒಂದು ಗೇಣು ವೈರು ಸಮೇತ ಕತ್ತರಿಸಿಕೊಂಡೆ, ಅದಕ್ಕೆ ಮೇಲೆ 150. ಗುಜರಿಯಲ್ಲಿ ಸಾಕೆಟ್ಟು ಕಂಡರೆ ವೈರು ಸಮೇತವೇ ಕತ್ತರಿಸಿಕೊಳ್ಳಿ. ವೈರು ಇಲ್ಲದ ಸಾಕೆಟ್ಟು ಯಾವ ಕೆಲಸಕ್ಕೂ ಬರುವುದಿಲ್ಲ.

ನಮ್ಮ ಕಡ್ಡಿಗೆ ಗುಜರಿಯ ತಟ್ಟೆ ಕೂಡಿಸಿದರು. ಅದರೊಳಗೆ ಒಂದು ಸಣ್ಣ ಸ್ಪ್ರಿಂಗು, ಅದರ ತುದಿಗೆ ಉಕ್ಕಿನ ಗೋಲಿ ಇರುತ್ತದೆ. ಕಡ್ಡಿ ಟಕ್ ಅಂತ ಕೂರುವುದು ಅದರಿಂದಲೇ. ಬಿಚ್ಚುವಾಗ ಅದು ಹಾರಿ ಹೋದರೆ ಮುಗಿಯಿತು. ಚಾಚಾ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಎರಡೂ ಕೈ ಹಾಕಿ ಬಿಚ್ಚಿದರು. ಗೋಲಿ ಹಾರಿತು, ಚೀಲದಲ್ಲೇ ಬಿತ್ತು. ಬಟ್ಟುಗಳಿಗೆ ಪಾಲಿಶ್ ಪೇಪರ್ ಹಾಕಲಿಲ್ಲ, ಬರೀ ಬಟ್ಟೆಯಲ್ಲಿ ಒರೆಸಿದರು. ಚೆನ್ನಾಗಿರುವ ಬಟ್ಟನ್ನು ಉಜ್ಜಿದರೆ ಮೇಲಿನ ಲೇಪ ಹೋಗಿ ಬೇಗ ಕಪ್ಪಾಗುತ್ತದಂತೆ.

ಆಮೇಲೆ ರಿಲೇ. ಇದು ಸಿಗದ ಸಾಮಾನಲ್ಲ, 12 ವೋಲ್ಟಿನ ನಾಲ್ಕು ಕಾಲಿನ ರಿಲೇ ಎಲ್ಲ ಅಂಗಡಿಯಲ್ಲೂ ಇದೆ. ಡಿಮ್ಮಿಗೊಂದು, ಡಿಪ್ಪಿಗೊಂದು, ಎರಡು ತಂದೆ. ಕಾಲುಗಳ ಮೇಲೆ 30, 85, 86, 87 ಅಂತ ಬರೆದಿರುತ್ತದೆ. ಇದು ಜರ್ಮನಿಯವರು ಮಾಡಿದ ನಂಬರ್ ಪದ್ಧತಿ, ಯಾವ ಕಂಪನಿಯ ರಿಲೇ ತಂದರೂ ಸಾಮಾನ್ಯವಾಗಿ ಇದೇ ಇರುತ್ತದೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ಪ್ಲಸ್. 87ರಿಂದ ಬಲ್ಬಿಗೆ. 85 ಮತ್ತು 86 ಒಳಗಿನ ಸುರುಳಿಯ ಎರಡು ತುದಿ. ಒಂದಕ್ಕೆ ಅರ್ಥ್, ಇನ್ನೊಂದಕ್ಕೆ ಹಳೇ ಸ್ವಿಚ್ಚಿನಿಂದ ಬಲ್ಬಿಗೆ ಹೋಗುತ್ತಿದ್ದ ವೈರು. ಈಗ ಸ್ವಿಚ್ಚು ಮಾಡುವ ಕೆಲಸ ಆ ಸುರುಳಿಗೆ ಕರೆಂಟು ಕೊಡುವುದು ಅಷ್ಟೇ. ಅದು ಎಳೆಯುವುದು ಆಂಪಿನ ಏಳನೇ ಒಂದು ಭಾಗದಷ್ಟು. 15 ಎಲ್ಲಿ, ಇದು ಎಲ್ಲಿ!

ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದರು. ಒಂದೊಂದು ರಿಲೇಗೂ 15 ಆಂಪಿನ ಬೇರೆ ಬೇರೆ ಫ್ಯೂಸು, ಅದೂ ಬ್ಯಾಟರಿಗೆ ಒಂದು ಗೇಣಿನೊಳಗೆ. ಇದರ ಬಗ್ಗೆ ಚಾಚಾ ಬಹಳ ಕಟ್ಟುನಿಟ್ಟು. ಫ್ಯೂಸು ಬಲ್ಬಿನ ಹತ್ತಿರ ಹಾಕಿದರೆ, ನಡುವೆ ವೈರು ಎಲ್ಲಾದರೂ ಸವೆದು ಬಾಡಿಗೆ ತಾಗಿದಾಗ ಅದು ಕಾಯುವುದಿಲ್ಲ. ಲೈಟಿನ ಅರ್ಥ್ ಬೋಲ್ಟು ಬಿಚ್ಚಿ, ಬಾಡಿಯನ್ನು ಲೋಹ ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿ ಕಟ್ಟಿ, ಮೇಲೆ ಗ್ರೀಸ್ ಸವರಿದರು. ಎಂಜಿನ್‌ನಿಂದ ಚಾಸಿಗೆ ಬರುವ ಅರ್ಥ್ ಪಟ್ಟಿ ಎಳೆಎಳೆಯಾಗಿ ಹರಿದಿತ್ತು, ಅದನ್ನೂ ಬದಲಿಸಿದೆವು. ಅವತ್ತಿನಿಂದ ಸೆಲ್ಫು ಕೂಡ ಚುರುಕಾಗಿದೆ.

100/90 ತೆಗೆದು 60/55 ಹಾಕಿದೆವು. ಅಪ್ಪನಿಗೆ ಮನಸ್ಸಿರಲಿಲ್ಲ. "ಚಿಕ್ಕ ಬಲ್ಬು ಹಾಕಿದ್ರ ಇನ್ನೂ ಕಾಣಂಗಿಲ್ಲ," ಅಂದರು. ಕತ್ತಲಾಗುವವರೆಗೆ ಅಂಗಡಿಯಲ್ಲೇ ಕುಳಿತೆವು. ಬಲ್ಬಿನ ಹಿಂದೆ ಮೀಟರ್ 13.4 ತೋರಿಸಿತು. ಲೈಟು ಹಾಕಿದಾಗ ಎದುರಿನ ಕಂಪೌಂಡಿನ ಮೇಲೆ ಬಿದ್ದ ಬೆಳಕು ಬಿಳಿ ಬಿಳಿ ಇತ್ತು, ಮೊದಲಿನ ಹಾಗೆ ಬೆಲ್ಲದ ಬಣ್ಣ ಇರಲಿಲ್ಲ. ಅಪ್ಪ ಗಾಡಿ ಮುಂದೆ ಹೋಗಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದರು. ಏನೂ ಹೇಳಲಿಲ್ಲ. ಒಳಗೆ ಬಂದು ಚಾಚಾಗೆ ಚಹಾ ಹೇಳಿದರು.

ವೈಪರ್ ಕೆಲಸ ಮಾರನೇ ದಿನ. ಮೋಟರ್ ಬಿಚ್ಚಿದಾಗ ಮೂರು ಬ್ರಷ್ ಇದ್ದವು. ಎದುರು ಬದುರು ಇರುವ ಎರಡು ನಿಧಾನದ ಓಟಕ್ಕೆ, ಸ್ವಲ್ಪ ಓರೆಯಾಗಿ ಕೂತ ಮೂರನೆಯದು ಜೋರು ಓಟಕ್ಕೆ. ಅದರಲ್ಲಿ ಎರಡು ಸವೆದು ಬೇಳೆಯಷ್ಟಾಗಿದ್ದವು. ಅಳತೆಯ ಬ್ರಷ್ ಎಲ್ಲೂ ಸಿಗಲಿಲ್ಲ. ನಾನು ಮಿಕ್ಸಿ ರಿಪೇರಿ ಅಂಗಡಿಯಿಂದ ತರಲೇ ಅಂತ ಕೇಳಿದೆ, ನೋಡಲು ಒಂದೇ ಥರ ಇರುತ್ತವೆ ಅಲ್ವಾ? ಬೇಡ ಅಂದರು. ಮಿಕ್ಸಿ 230 ವೋಲ್ಟಿನದು, ಅದರ ಬ್ರಷ್ ಬರೀ ಕಾರ್ಬನ್ನು, ಕರೆಂಟನ್ನು ತಡೆಯುತ್ತದೆ. 12 ವೋಲ್ಟಿನ ಬ್ರಷ್ಷಿನಲ್ಲಿ ತಾಮ್ರದ ಪುಡಿ ಬೆರೆಸಿರುತ್ತಾರೆ, ಬಿಸಿಲಿಗೆ ಹಿಡಿದರೆ ಕೆಂಪು ಮಿಂಚು ಕಾಣುತ್ತದೆ. ಚಾಚಾ ಬೇರೆ ಗಾಡಿಯ ವೈಪರ್ ಮೋಟರಿನ ದೊಡ್ಡ ಬ್ರಷ್ ತೆಗೆದು, ಅರದಿಂದ ನಾಲ್ಕೂ ಕಡೆ ಉಜ್ಜಿ ಉಜ್ಜಿ ಹಳೆಯದರ ಗೂಡಿಗೆ ಸರಿಯಾಗಿ ಜಾರುವಂತೆ ಮಾಡಿದರು. ಒಂದು ಬ್ರಷ್ಷಿಗೆ ಅರ್ಧ ತಾಸು. ಜಾಸ್ತಿ ಬಿಗಿಯಾದರೆ ಸಿಕ್ಕಿಕೊಳ್ಳುತ್ತದೆ, ಜಾಸ್ತಿ ಸಡಿಲವಾದರೆ ಕಿಡಿ ಹಾರುತ್ತದೆ. ಅಷ್ಟು ಹೊತ್ತೂ ಅವರು ರೇಡಿಯೊ ಹಾಕಿಕೊಳ್ಳಲಿಲ್ಲ, ಮಾತಾಡಲಿಲ್ಲ. ಆಫ್ ಮಾಡಿದರೆ ವೈಪರ್ ಕೆಳಗೆ ಬಾರದೆ ನಡುಗಾಜಿನಲ್ಲೇ ನಿಲ್ಲುವ ತೊಂದರೆಯೂ ಇತ್ತು, ಅದಕ್ಕೆ ಕಾರಣ ಗೇರಿನ ಮುಚ್ಚಳದೊಳಗಿನ ತಟ್ಟೆಯ ಮೇಲೆ ಒಣಗಿದ ಗ್ರೀಸು. ಪೆಟ್ರೋಲಿನಲ್ಲಿ ತೊಳೆದ ಮೇಲೆ ಕೆಳಗೆ ಬಂದೇ ನಿಲ್ಲುತ್ತಿದೆ.

ಇಂಡಿಕೇಟರಿನದು ಐದು ನಿಮಿಷದ ಕೆಲಸ. ಎಡಗಡೆ ಮಾತ್ರ ಟಕಟಕ ಅಂತ ಜೋರಾಗಿ ಬಡಿಯುತ್ತಿತ್ತು. ಹಿಂದಿನ ಬಲ್ಬು ಹೋಗಿದೆ ಅಂತ ಅದು ಹೇಳುವ ರೀತಿ ಅಷ್ಟೇ. 21 ವ್ಯಾಟಿನ ಬಲ್ಬು ಹಾಕಿದ ಮೇಲೆ ಸರಿಹೋಯಿತು.

ಎರಡು ದಿನದ ಮಜೂರಿ 1,800 ತೆಗೆದುಕೊಂಡರು. ರಿಲೇ, ಹೋಲ್ಡರ್, ವೈರು, ಫ್ಯೂಸು, ಬಲ್ಬು ಸೇರಿ 1,450. ಗುಜರಿಗೆ 350. ಆ 2,300ರ ಸ್ವಿಚ್ಚು ಚಾಚಾ ಅಂಗಡಿಯಲ್ಲೇ ಇದೆ. ಆ ಮಾದರಿಯ ಗಾಡಿ ಯಾವುದಾದರೂ ಬಂದರೆ ಕೊಡುತ್ತೇನೆ ಅಂದಿದ್ದಾರೆ. ಎಫ್‌ಸಿ ಮುಗಿಯಲು ಎರಡು ದಿನ ಇರುವಾಗ ಗಾಡಿ ತೋರಿಸಿದೆವು, ಪಾಸಾಯಿತು. ಲೈಟಿನ ಎತ್ತರ ಸ್ವಲ್ಪ ಇಳಿಸಿ ಅಂತ ಮಾತ್ರ ಹೇಳಿದರು, ಅಲ್ಲೇ ಸ್ಕ್ರೂ ತಿರುಗಿಸಿ ಇಳಿಸಿದೆ.

ಮರುವಾರ ಉಳಿದ ಹತ್ತಿ ತುಂಬಿಕೊಂಡು ಮತ್ತೆ ಅದೇ ಹೊತ್ತಿಗೆ ಹೊರಟೆವು. ಕಲ್ಮಲಾದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಮ್ಮ ನನಗಿಂತ ಮೊದಲು ಕೈ ಚಾಚಿ ಕಡ್ಡಿಯ ಬುಡ ಮುಟ್ಟಿ ನೋಡಿದ. ಒಂದು ತಾಸು ಲೈಟು ಉರಿದಿತ್ತು, ಸ್ವಿಚ್ಚು ತಣ್ಣಗಿತ್ತು.

ಡೀಸೆಲ್ ಮುಳ್ಳು ಮಾತ್ರ ಇನ್ನೂ ಏಳುತ್ತಿಲ್ಲ. ಟ್ಯಾಂಕಿನೊಳಗಿನ ತೇಲುಗುಂಡಿನ ತಂತಿ ಹೋಗಿರಬೇಕು ಅನ್ನುತ್ತಾರೆ ಚಾಚಾ. ಯುಗಾದಿ ಮುಗಿದ ಮೇಲೆ ಟ್ಯಾಂಕ್ ಇಳಿಸಬೇಕು. ಗುಜರಿಯಲ್ಲಿರುವ ಆ ಎರಡನೇ ಗಾಡಿಯ ಟ್ಯಾಂಕ್ ಯಾರಿಗೂ ಕೊಡಬೇಡಿ ಅಂತ ಹೇಳಿ, ನೂರು ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ.